ಸ್ಲ್ಯಾಬ್‌ನಲ್ಲಿರುವ ಬೆಳ್ಳಿ ನಾಣ್ಯ: ಮಾರಿದರೆ ಕೈಗೆ ನಿಜವಾಗಿ ಎಷ್ಟು ಬರುತ್ತದೆ?

2024ರ ದೀಪಾವಳಿ ಸಂಜೆ ನ್ಯೂಜೆರ್ಸಿಯ ಸ್ನೇಹಿತರೊಬ್ಬರ ಮನೆಯಲ್ಲಿದ್ದೆ. ಪೂಜೆ, ಊಟ ಎಲ್ಲ ಮುಗಿದ ಮೇಲೆ ಅವರು ದೇವರ ಮುಂದೆ ಇಟ್ಟಿದ್ದ ಡಬ್ಬಿಯೊಂದನ್ನು ಮೇಜಿನ ಮೇಲೆ ತಂದಿಟ್ಟರು. ಒಳಗೆ ಹನ್ನೊಂದು ಅಮೆರಿಕನ್ ಸಿಲ್ವರ್ ಈಗಲ್ ನಾಣ್ಯಗಳು. ಒಂದೊಂದೂ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಭದ್ರವಾಗಿತ್ತು. ಈ ಪೆಟ್ಟಿಗೆಗೇ ಸ್ಲ್ಯಾಬ್ ಎನ್ನುತ್ತಾರೆ. ಪೆಟ್ಟಿಗೆಯ ನೆತ್ತಿಯ ಮೇಲೆ ಲೇಬಲ್, ಅದರಲ್ಲಿ 69 ಅಥವಾ 70 ಎಂಬ ಅಂಕಿ. ಜೊತೆಗೊಂದು ಚೀಟಿ. ಪ್ರತಿ ನಾಣ್ಯದ ಮುಂದೆ ಅವರು ಆನ್‌ಲೈನ್‌ನಲ್ಲಿ ನೋಡಿ ಬರೆದ ಬೆಲೆ, ಕೊನೆಯಲ್ಲಿ ಮೊತ್ತ: 1,065 ಡಾಲರ್.

"ಮಗಳ ಕಾಲೇಜಿಗೆ ಅಂತ ಎತ್ತಿಟ್ಟಿದ್ದು. ಮಾರಿದರೆ ಇಷ್ಟು ಬರುತ್ತೆ ಅಲ್ವಾ?" ಎಂದು ಕೇಳಿದರು.

ಆ ರಾತ್ರಿ ನಾವಿಬ್ಬರೂ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಾನೂ ಮೊದಲ ಸ್ಲ್ಯಾಬ್ ಕೊಂಡಾಗ ಟಿವಿಯಲ್ಲಿ ಕೂಗಿ ಮಾರುವವರ ಮಾತು ನಂಬಿ ದುಪ್ಪಟ್ಟು ದುಡ್ಡು ಕೊಟ್ಟವನು. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಇಂಥ ಡಬ್ಬಿಗಳು ಬೇಕಾದಷ್ಟಿವೆ. ಮಾರುವ ಹೊತ್ತು ಬಂದಾಗ ಯಾರೂ ಎದೆ ಒಡೆದುಕೊಳ್ಳಬಾರದು, ಅಷ್ಟೇ ನನ್ನ ಆಸೆ.

ಮೊದಲು ಬೆಳ್ಳಿಯನ್ನಷ್ಟೇ ಎಣಿಸಿ

ಲೇಬಲ್ ಮೇಲಿನ ಅಂಕಿಯನ್ನು ಸದ್ಯಕ್ಕೆ ಮರೆತುಬಿಡಿ. ಒಳಗೆ ಎಷ್ಟು ಬೆಳ್ಳಿ ಇದೆ ಎನ್ನುವುದೇ ಮೊದಲ ಪ್ರಶ್ನೆ. ಸಿಲ್ವರ್ ಈಗಲ್ 1986ರಿಂದ ಬರುತ್ತಿದೆ. ಅದರಲ್ಲಿ ಒಂದು ಟ್ರಾಯ್ ಔನ್ಸ್ ಬೆಳ್ಳಿ ಇದೆ, ಅಂದರೆ 31.1 ಗ್ರಾಂ. ಶುದ್ಧತೆ ಸಾವಿರಕ್ಕೆ 999. ಮೇಲೆ ಒಂದು ಡಾಲರ್ ಎಂದು ಅಚ್ಚಾಗಿದೆ. ಆ ಒಂದು ಡಾಲರ್‌ಗೂ ಬೆಲೆಗೂ ಸಂಬಂಧವಿಲ್ಲ.

ಅಡುಗೆಮನೆಯ ತಕ್ಕಡಿ ತೋರಿಸುವ ಔನ್ಸ್ ಬೇರೆ, ಅದು 28.35 ಗ್ರಾಂ. ಬೆಳ್ಳಿ ಬಂಗಾರಕ್ಕೆ ಟ್ರಾಯ್ ಔನ್ಸೇ ಲೆಕ್ಕ. ಹಾಗೆಯೇ ಎಲ್ಲ ದೇಶದ ನಾಣ್ಯಗಳೂ ಒಂದೇ ತೂಕವಲ್ಲ. ಚೀನಾದ ಪಾಂಡಾ ನಾಣ್ಯ 2016ರಿಂದ 30 ಗ್ರಾಂಗೆ ಇಳಿದಿದೆ. ಬ್ರಿಟನ್ನಿನ ಬ್ರಿಟಾನಿಯಾದಲ್ಲಿ ಒಂದು ಔನ್ಸ್ ಬೆಳ್ಳಿಯೇ ಇದ್ದರೂ 2012ರವರೆಗೆ ಅದರ ಶುದ್ಧತೆ 958 ಇತ್ತು. ಆಮೇಲೆ 999 ಆಯಿತು.

ಮಾರುಕಟ್ಟೆಯಲ್ಲಿ ಆ ಗಳಿಗೆಗೆ ನಡೆಯುತ್ತಿರುವ ಬೆಳ್ಳಿ ಬೆಲೆಗೆ ಸ್ಪಾಟ್ ಎನ್ನುತ್ತಾರೆ. ಆ ಸಂಜೆ ಸ್ಪಾಟ್ 33 ಡಾಲರ್ ಆಸುಪಾಸು ಇತ್ತು. ಹನ್ನೊಂದು ನಾಣ್ಯಕ್ಕೆ 363 ಡಾಲರ್. ಇದು ತಳಪಾಯ. ಸ್ನೇಹಿತರ ಚೀಟಿ 1,065 ಹೇಳುತ್ತಿತ್ತು. ನಡುವಿನ 702 ಡಾಲರ್ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಗಟ್ಟಿ ಎಂದು ನೋಡುವುದೇ ಉಳಿದ ಕೆಲಸ.

ಸ್ಲ್ಯಾಬ್ ಇಲ್ಲದ ಅದೇ ನಾಣ್ಯದ ಬೆಲೆ ಕೇಳಿ

ಅಮೆರಿಕದ ಟಂಕಸಾಲೆ ಈ ಹೂಡಿಕೆ ನಾಣ್ಯಗಳನ್ನು ನಮ್ಮಂಥವರಿಗೆ ನೇರವಾಗಿ ಮಾರುವುದಿಲ್ಲ. ಕೆಲವೇ ದೊಡ್ಡ ಸಗಟು ವ್ಯಾಪಾರಿಗಳಿಗೆ ಸ್ಪಾಟ್ ಮೇಲೆ ಒಂದಿಷ್ಟು ಸೇರಿಸಿ ಕೊಡುತ್ತದೆ. 20 ನಾಣ್ಯಕ್ಕೆ ಒಂದು ಕೊಳವೆ, ಅಂಥ 25 ಕೊಳವೆಗೆ ಒಂದು ಹಸಿರು ಪೆಟ್ಟಿಗೆ. 500 ನಾಣ್ಯದ ಆ ಪೆಟ್ಟಿಗೆಗೆ ವ್ಯಾಪಾರದಲ್ಲಿ ಮಾನ್‌ಸ್ಟರ್ ಬಾಕ್ಸ್ ಎಂದು ಹೆಸರು. ಅಲ್ಲಿಂದ ಕೈ ಬದಲಾಗುತ್ತಾ ಅಂಗಡಿಗೆ ಬರುವಷ್ಟರಲ್ಲಿ ಸ್ಪಾಟ್ ಮೇಲೆ ಇನ್ನಷ್ಟು ಡಾಲರ್ ಕೂಡಿಕೊಂಡಿರುತ್ತದೆ. ಇದಕ್ಕೆ ಪ್ರೀಮಿಯಂ ಎನ್ನುತ್ತಾರೆ.

ಈ ಪ್ರೀಮಿಯಂ ನಿಲ್ಲುವ ವಸ್ತುವಲ್ಲ. 2022ರಲ್ಲಿ ಬಿಡಿ ಈಗಲ್ ಒಂದಕ್ಕೆ ಸ್ಪಾಟ್ ಮೇಲೆ ಹತ್ತು ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡವರಿದ್ದಾರೆ. 2024ರ ಹೊತ್ತಿಗೆ ಅದು ನಾಲ್ಕೈದಕ್ಕೆ ಇಳಿದಿತ್ತು. ನಾವು ಕೊಡುವ ಪ್ರೀಮಿಯಂ ನಮಗೆ ವಾಪಸ್ ಸಿಗುತ್ತದೆ ಎಂದೂ ಇಲ್ಲ. ಆ ಸಂಜೆಯ ದರದಲ್ಲಿ ಅಂಗಡಿಯವರು 37–38ಕ್ಕೆ ಮಾರುತ್ತಿದ್ದ ನಾಣ್ಯವನ್ನು ನಮ್ಮಿಂದ 34ಕ್ಕೆ ಕೊಳ್ಳುತ್ತಿದ್ದರು.

ಹಾಗಾಗಿ ಹತ್ತಿರದ ಎರಡು ಮೂರು ನಾಣ್ಯದ ಅಂಗಡಿಗೆ ಫೋನ್ ಮಾಡಿ. "ಬಿಡಿ ಈಗಲ್ ಇವತ್ತು ಎಷ್ಟಕ್ಕೆ ಕೊಳ್ತೀರಿ?" ಅಷ್ಟೇ ಕೇಳಿ. ಎಷ್ಟಕ್ಕೆ ಮಾರುತ್ತೀರಿ ಎಂದಲ್ಲ. ಬಂದ ಉತ್ತರವನ್ನು ಚೀಟಿಯ ತುದಿಗೆ ದಪ್ಪಗೆ ಬರೆದುಕೊಳ್ಳಿ. ಮುಂದಿನ ಎಲ್ಲ ಲೆಕ್ಕವೂ ಆ 34 ಡಾಲರ್ ಜೊತೆ ಹೋಲಿಸಿ ನೋಡುವುದೇ.

ಲೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಗ್ರೇಡಿಂಗ್ ಕಂಪನಿಯವರು ನಾಣ್ಯದ ಸ್ಥಿತಿ ನೋಡಿ ಅದಕ್ಕೊಂದು ಅಂಕಿ ಕೊಟ್ಟು ಸ್ಲ್ಯಾಬ್‌ನಲ್ಲಿ ಮುಚ್ಚುತ್ತಾರೆ. ಆ ಅಂಕಿಯೇ ಗ್ರೇಡ್. ಅದು 1ರಿಂದ 70ರವರೆಗೆ ಇರುತ್ತದೆ. ಇದರ ಮೂಲ ಸ್ವಾರಸ್ಯವಾಗಿದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬುವರು ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆ ಈ ಅಳತೆ ಮಾಡಿದರು. ತೀರಾ ಸವೆದ ನಾಣ್ಯ 1, ಅಪ್ಪಟ ಹೊಸದು 70. 70ರ ನಾಣ್ಯಕ್ಕೆ 1ರ ನಾಣ್ಯದ 70 ಪಟ್ಟು ಬೆಲೆ ಎನ್ನುವುದು ಆಗಿನ ಲೆಕ್ಕ. ಅಂದರೆ ಆ ಅಂಕಿ ಹುಟ್ಟಿದ್ದೇ ಬೆಲೆಯಾಗಿ. ಈಗ ಅದು ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಬೆಲೆಯ ನಂಟು ಹೋದರೂ 70 ನೋಡಿದರೆ ನಮಗೆ ಬೆಲೆಯೇ ಕಣ್ಣಿಗೆ ಕಟ್ಟುತ್ತದೆ.

ಲೇಬಲ್‌ನಲ್ಲಿ ಅಂಕಿಯ ಜೊತೆ ಅಕ್ಷರಗಳೂ ಇರುತ್ತವೆ. ಎಂ.ಎಸ್. ಎಂದರೆ ಚಲಾವಣೆಗೆ ಬಾರದ ಸಾಮಾನ್ಯ ಅಚ್ಚು. ಪಿ.ಎಫ್. ಅಥವಾ ಪಿ.ಆರ್. ಎಂದರೆ ಸಂಗ್ರಹಕಾರರಿಗಾಗಿ ಕನ್ನಡಿಯಂತೆ ಹೊಳಪು ಕೊಟ್ಟ ಪ್ರೂಫ್ ನಾಣ್ಯ. ಐದು ಪಟ್ಟು ದೊಡ್ಡದು ಮಾಡಿ ನೋಡಿದರೂ ಅಚ್ಚಾದ ಮೇಲೆ ಬಿದ್ದ ಯಾವ ಗೀರೂ ಕಾಣದಿದ್ದರೆ 70. ಒಂದು ಚಿಕ್ಕ ಗೀರು ಕಂಡರೆ 69. ಬರಿಗಣ್ಣಿಗೆ ಎರಡೂ ಒಂದೇ.

ಯಾರು ಗ್ರೇಡ್ ಮಾಡಿದ್ದು ಎನ್ನುವುದು ಬಹಳ ಮುಖ್ಯ. ಸಂತೆಯಲ್ಲಿ ನಡೆಯುವ ಹೆಸರು ಮುಖ್ಯವಾಗಿ ಎರಡು: 1986ರಲ್ಲಿ ಕೆಲಸ ಶುರು ಮಾಡಿದ ಪಿ.ಸಿ.ಜಿ.ಎಸ್. ಮತ್ತು 1987ರ ಎನ್.ಜಿ.ಸಿ. ಇನ್ನು ಎ.ಎನ್.ಎ.ಸಿ.ಎಸ್., ಐ.ಸಿ.ಜಿ. ಲೇಬಲ್‌ಗಳಿಗೆ ಮರ್ಯಾದೆ ಇದೆ, ಆದರೆ ಈಗಿನ ಬೆಳ್ಳಿ ನಾಣ್ಯದ 70ಕ್ಕೆ ಅವಕ್ಕೆ ಅಷ್ಟು ಬೆಲೆ ಬರುವುದಿಲ್ಲ. ಹೆಸರೇ ಕೇಳದ ಕಂಪನಿಯ 70 ಎಂದರೆ ಸುಮ್ನೆ ಬಿಡಿ ನಾಣ್ಯ ಎಂದೇ ಎಣಿಸಿ. ಸ್ನೇಹಿತರ ಡಬ್ಬಿಯಲ್ಲಿ ಅಂಥದ್ದೊಂದಿತ್ತು. 110 ಡಾಲರ್ ಕೊಟ್ಟು ತಂದಿದ್ದರು. ನಾವು ಅದರ ಮುಂದೆ 34 ಎಂದು ಬರೆದೆವು. ಬರೆಯುವಾಗ ನನಗೂ ಸಂಕಟವಾಯಿತು.

ಆಮೇಲೆ ಬಣ್ಣಬಣ್ಣದ ಮಾತುಗಳು. "ಫಸ್ಟ್ ಸ್ಟ್ರೈಕ್", "ಅರ್ಲಿ ರಿಲೀಸಸ್". ಕೇಳಿದರೆ ಮೊದಲು ಅಚ್ಚಾದ ನಾಣ್ಯ ಅನಿಸುತ್ತದೆ. ಹಾಗಲ್ಲ. ಬಿಡುಗಡೆಯಾದ ಮೊದಲ 30 ದಿನಗಳ ಒಳಗೆ ಗ್ರೇಡಿಂಗ್ ಕಂಪನಿಗೆ ತಲುಪಿತು ಎಂದಷ್ಟೇ ಅರ್ಥ. ಯಾವ ನಾಣ್ಯ ಯಾವ ಕ್ರಮದಲ್ಲಿ ಅಚ್ಚಾಯಿತು ಎಂಬ ಲೆಕ್ಕ ತಾನು ಇಡುವುದಿಲ್ಲ ಎಂದು ಅಮೆರಿಕದ ಟಂಕಸಾಲೆಯೇ ಹೇಳಿದೆ. 1986ರ ಹದ್ದಿನ ಚಿತ್ರ ಕೆತ್ತಿದ ಜಾನ್ ಮರ್ಕಾಂಟಿ ಅವರ ಸಹಿ ಇರುವ ಲೇಬಲ್‌ಗಳನ್ನು ಬಯಸಿ ಕೊಳ್ಳುವವರಿದ್ದಾರೆ, ನಿಜ. ಆದರೆ ಅದಕ್ಕೆ ಎಷ್ಟು ಸೇರಿಸಬೇಕು ಎಂದು ನೀವು ಊಹಿಸಬೇಡಿ. ಅದೇ ವರ್ಷದ ಸಾದಾ ಲೇಬಲ್ 70 ಎಷ್ಟಕ್ಕೆ ಹೋಯಿತು, ಸಹಿ ಇರುವುದು ಎಷ್ಟಕ್ಕೆ ಹೋಯಿತು ಎಂದು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವೇ ಉತ್ತರ.

ಒಂದು ಎಚ್ಚರಿಕೆ. ನಕಲಿ ಸ್ಲ್ಯಾಬ್‌ಗಳೂ ಇವೆ. ಲೇಬಲ್ ಮೇಲಿನ ಸಂಖ್ಯೆಯನ್ನು ಆಯಾ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ವರ್ಷ, ಗ್ರೇಡ್, ಲೇಬಲ್ ಬಗೆ ಮೂರೂ ಹೊಂದಬೇಕು. ಫೋಟೋ ಇದ್ದರೆ ನಾಣ್ಯದ ಜೊತೆ ಹೋಲಿಸಿ.

ಅಂಥ 70 ಇನ್ನೆಷ್ಟಿವೆ?

ಜನ ಎಡವುವುದು ಹೆಚ್ಚಾಗಿ ಇಲ್ಲಿ. 70 ಎಂದರೆ ಅಪರೂಪ ಎಂದು ನಂಬಿಬಿಡುತ್ತಾರೆ.

ದೊಡ್ಡ ವ್ಯಾಪಾರಿಗಳು ನಾಣ್ಯಗಳನ್ನು ಪೆಟ್ಟಿಗೆಗಟ್ಟಲೆ ಗ್ರೇಡಿಂಗ್‌ಗೆ ಕಳಿಸುತ್ತಾರೆ. ಈಗಿನ ಅಚ್ಚಿನ ಗುಣಮಟ್ಟ ಚೆನ್ನಾಗಿದೆ. 70 ಬೇಕಾದಷ್ಟು ಬರುತ್ತವೆ. 2015ರ ಸಿಲ್ವರ್ ಈಗಲ್‌ಗಳೇ ಸುಮಾರು 4 ಕೋಟಿ 70 ಲಕ್ಷ ಇವೆ. ಯಾವ ನಾಣ್ಯಕ್ಕೆ ಯಾವ ಗ್ರೇಡ್ ಎಷ್ಟು ಸಲ ಕೊಟ್ಟಿದ್ದೇವೆ ಎಂಬ ಎಣಿಕೆಯನ್ನು ಕಂಪನಿಗಳೇ ಇಡುತ್ತವೆ. ಪಿ.ಸಿ.ಜಿ.ಎಸ್.ನ ಪಾಪ್ಯುಲೇಶನ್ ರಿಪೋರ್ಟ್, ಎನ್.ಜಿ.ಸಿ.ಯ ಸೆನ್ಸಸ್, ಎರಡನ್ನೂ ದುಡ್ಡು ಕೊಡದೆ ನೋಡಬಹುದು. ನಿಮ್ಮ ವರ್ಷ, ನಿಮ್ಮ ಗ್ರೇಡ್ ಹುಡುಕಿ. ಹತ್ತಾರು ಸಾವಿರ ಎಂದು ಕಂಡರೆ ನಿಮ್ಮದು ಸಾಮಾನ್ಯ ನಾಣ್ಯ. 69 ಎಂದರೆ ಇನ್ನೂ ಸಾಮಾನ್ಯ.

ಅಪರೂಪ ಅನಿಸಿದ್ದೂ ಅಪರೂಪವಾಗಿಯೇ ಉಳಿಯಬೇಕೆಂದಿಲ್ಲ. 1995ರ ಡಬ್ಲ್ಯೂ ಗುರುತಿನ (ಅಂದರೆ ವೆಸ್ಟ್ ಪಾಯಿಂಟ್ ಟಂಕಸಾಲೆಯ) ಪ್ರೂಫ್ ಈಗಲ್ ಇಡೀ ಸರಣಿಯಲ್ಲೇ ಹೆಸರಾದ ನಾಣ್ಯ. ಅಚ್ಚಾದದ್ದು 30,125 ಮಾತ್ರ. 2013ರಲ್ಲಿ ಪಿ.ಸಿ.ಜಿ.ಎಸ್. 70 ಆದ ಒಂದು ನಾಣ್ಯ ಹರಾಜಿನಲ್ಲಿ 86,000 ಡಾಲರ್‌ಗೂ ಜಾಸ್ತಿಗೆ ಹೋಯಿತು. ಆ ಬೆಲೆ ನೋಡಿ, ಇದ್ದವರೆಲ್ಲ ತಮ್ಮ ನಾಣ್ಯ ಕಳಿಸಿದರು. ಇನ್ನಷ್ಟು 70 ಹೊರಬಂದವು. ಮುಂದಿನ ವರ್ಷಗಳಲ್ಲಿ ಅದೇ ಗ್ರೇಡ್ ಆ ಬೆಲೆಯ ಒಂದು ಸಣ್ಣ ಪಾಲಿಗೆ ಮಾರಾಟವಾಯಿತು. ನಾಣ್ಯದಲ್ಲಿ ಏನೂ ಬದಲಾಗಿರಲಿಲ್ಲ. ಜೊತೆಗಾರರು ಹೆಚ್ಚಾಗಿದ್ದರು.

ಹಾಗಂತ ಎಲ್ಲವನ್ನೂ ಒಂದೇ ರಾಶಿಗೆ ಹಾಕಬೇಡಿ. ಸಾಮಾನ್ಯ ಅಚ್ಚಿನಲ್ಲಿ 1996ರದ್ದು ಎಲ್ಲಕ್ಕಿಂತ ಕಮ್ಮಿ, 36 ಲಕ್ಷ ಚಿಲ್ಲರೆ. ಸ್ಲ್ಯಾಬ್ ಇಲ್ಲದೆಯೂ ಅದಕ್ಕೆ ಜಾಸ್ತಿ ಬೆಲೆ ಇದೆ. 1990ರ ದಶಕದ ಹಲವು ವರ್ಷಗಳ ಎಂ.ಎಸ್. 70 ನಿಜಕ್ಕೂ ಕಷ್ಟಕ್ಕೆ ಸಿಗುತ್ತದೆ, 1999ರದ್ದಂತೂ ತೀರಾ ಅಪರೂಪ. 2019ರ ಎಸ್ ಗುರುತಿನ (ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ) ಎನ್‌ಹ್ಯಾನ್ಸ್ಡ್ ರಿವರ್ಸ್ ಪ್ರೂಫ್ ಎಂಬ ವಿಶೇಷ ಬಗೆಗೆ ಟಂಕಸಾಲೆ ಇಟ್ಟ ಮಿತಿಯೇ 30,000.

ನನಗೆ ತುಂಬಾ ಇಷ್ಟವಾದದ್ದು 2008ರ ಡಬ್ಲ್ಯೂ ಗುರುತಿನ ಅನ್‌ಸರ್ಕ್ಯುಲೇಟೆಡ್ ನಾಣ್ಯ, ಸಂಗ್ರಹಕಾರರಿಗೆಂದೇ ಮಾಡಿದ, ಪ್ರೂಫ್ ಅಲ್ಲದ ಬಗೆ. ಕೆಲವು ನಾಣ್ಯಗಳ ಹಿಂಬದಿಗೆ ತಪ್ಪಿ 2007ರ ಅಚ್ಚು ಬಿತ್ತು. ಭೂತಗನ್ನಡಿ ಹಿಡಿದು 'ಯುನೈಟೆಡ್' ಪದದ ಮೊದಲ ಅಕ್ಷರ ಯು ನೋಡಿ. 2008ರ ಅಚ್ಚಿನಲ್ಲಿ ಆ ಅಕ್ಷರದ ಬಲ ಕಾಲಿನ ಬುಡದಲ್ಲಿ ಒಂದು ಪುಟ್ಟ ಕೊಕ್ಕೆ ಇರುತ್ತದೆ. 2007ರ ಅಚ್ಚಿನಲ್ಲಿ ಇರುವುದಿಲ್ಲ, ಬುಡ ಬಟ್ಟಲಿನಂತೆ ದುಂಡಗಿರುತ್ತದೆ. ಮುಂದೆ 2008, ಹಿಂದೆ ಕೊಕ್ಕೆ ಇಲ್ಲದ ಯು ಇದ್ದರೆ ನಿಮ್ಮ ಕೈಯಲ್ಲಿರುವುದು ಬೇರೆಯದೇ ನಾಣ್ಯ. ಒಂದು ಕೂದಲೆಳೆಯ ಗೆರೆ ಬೆಲೆಯನ್ನು ಎಷ್ಟೋ ಪಟ್ಟು ಮಾಡುತ್ತದೆ. ಇದನ್ನು ನೋಡದೆ 2008ರದ್ದನ್ನು ಮಾರಬೇಡಿ.

ನಮ್ಮ ಡಬ್ಬಿಯಲ್ಲಿ 2008 ಇರಲಿಲ್ಲ. 1996ರ 69 ಒಂದಿತ್ತು.

ಕೇಳುವ ಬೆಲೆ ಬಿಡಿ, ಮಾರಾಟವಾದ ಬೆಲೆ ಹಿಡಿಯಿರಿ

ಸ್ನೇಹಿತರ ಚೀಟಿಯಲ್ಲಿದ್ದ ಬೆಲೆಗಳೆಲ್ಲ ಮಾರುವವರು ಕೇಳುತ್ತಿದ್ದ ಬೆಲೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದಲ್ಲ. ಇಬೇ ಎಂಬ ಆನ್‌ಲೈನ್ ಸಂತೆಯಲ್ಲಿ ನಾಣ್ಯ ಹುಡುಕಿದ ಮೇಲೆ "ಸೋಲ್ಡ್ ಐಟಮ್ಸ್" ಎಂಬ ಜಾಗಕ್ಕೆ ಗುರುತು ಹಾಕಿ. ಕಳೆದ ತಿಂಗಳುಗಳಲ್ಲಿ ನಿಜವಾಗಿ ಮಾರಾಟವಾದದ್ದು ಮಾತ್ರ ಉಳಿಯುತ್ತದೆ. ಗೆರೆ ಹೊಡೆದ ಬೆಲೆ ಕಂಡರೆ, ಅದಕ್ಕಿಂತ ಕಮ್ಮಿಗೆ ಚೌಕಾಸಿ ಆಗಿದೆ ಎಂದು ತಿಳಿಯಿರಿ. ಕೊನೆಯ ಹತ್ತು ಮಾರಾಟ ಬರೆದುಕೊಳ್ಳಿ. ಎಲ್ಲಕ್ಕಿಂತ ಮೇಲಿನದನ್ನೂ ಕೆಳಗಿನದನ್ನೂ ಹೊಡೆದುಹಾಕಿ. ನಡುವೆ ಎಲ್ಲಿ ಹೆಚ್ಚು ಗುಂಪುಗೂಡಿದೆ ನೋಡಿ.

ಬೆಳ್ಳಿ ಬೆಲೆ ಜೋರಾಗಿ ಏರಿಳಿಯುತ್ತಿದ್ದರೆ ಎರಡು ತಿಂಗಳ ಹಿಂದಿನ ಮಾರಾಟ ಉಪಯೋಗಕ್ಕೆ ಬಾರದು. ಆ ದಿನದ ಸ್ಪಾಟ್ ಎಷ್ಟಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಬೆಲೆ ಜಾಸ್ತಿಯ ನಾಣ್ಯವಾದರೆ ಹೆರಿಟೇಜ್, ಗ್ರೇಟ್‌ಕಲೆಕ್ಷನ್ಸ್ ಹರಾಜು ಮನೆಗಳ ಹಳೆಯ ಫಲಿತಾಂಶ ನೋಡಿ. ಗ್ರೇಡಿಂಗ್ ಕಂಪನಿಗಳ ಬೆಲೆ ಪಟ್ಟಿಯೂ ಇದೆ. ಅದು ಅಂಗಡಿಯಲ್ಲಿ ಕೊಳ್ಳುವವನ ಬೆಲೆಗೆ ಹತ್ತಿರ. ಮಾರುವವನಿಗೆ ಅದು ಆಸೆ ಹುಟ್ಟಿಸುತ್ತದೆ.

ನಾವು ಕಂಡದ್ದು ಹೀಗೆ. ಸಾಮಾನ್ಯ ವರ್ಷದ 69, ಸುಮಾರು 43 ಡಾಲರ್. ಸಾಮಾನ್ಯ ವರ್ಷದ 70, ಸುಮಾರು 58. 1996ರ 69, ಸುಮಾರು 80. ಚೀಟಿಯಲ್ಲಿ ಇವು 65, 120, 150 ಇದ್ದವು.

ನಾಣ್ಯವನ್ನು ಬೆಳಕಿಗೆ ಹಿಡಿಯಿರಿ

ಕಿಟಕಿಯ ಹತ್ತಿರ ಅಥವಾ ಒಂದೇ ದೀಪದ ಕೆಳಗೆ ಸ್ಲ್ಯಾಬ್ ಹಿಡಿದು ನಿಧಾನವಾಗಿ ಓಲಾಡಿಸಿ. ಸಮತಟ್ಟಾದ ಜಾಗದಲ್ಲಿ, ಮುಂಬದಿಯಲ್ಲಿ ನಡೆಯುತ್ತಿರುವ ಹೆಣ್ಣಿನ (ಲಿಬರ್ಟಿಯ) ಚಿತ್ರದ ಮುಂದಿನ ಬಯಲಿನಲ್ಲಿ, ಹಾಲಿನ ಹನಿ ಒಣಗಿದಂತೆ ಮಂಕು ಬಿಳಿ ಚುಕ್ಕೆ ಕಾಣುತ್ತದೆಯೇ? ಅದೇ ಮಿಲ್ಕ್ ಸ್ಪಾಟ್. ಗ್ರೇಡ್ ಆಗಿ ವರ್ಷಗಳಾದ ಮೇಲೂ ಸ್ಲ್ಯಾಬ್ ಒಳಗೇ ಏಳಬಹುದು. ಕೆನಡಾದ ಮೇಪಲ್ ಲೀಫ್‌ಗೆ ಈ ಕಾಟ ಎಷ್ಟಿತ್ತೆಂದರೆ, ಅಲ್ಲಿನ ಟಂಕಸಾಲೆ 2018ರಲ್ಲಿ ಇದನ್ನು ತಡೆಯಲೆಂದೇ ಹೊಸ ವಿಧಾನ ತಂದಿತು. ಇಂಥ ಚುಕ್ಕೆಗೆ ಗ್ರೇಡಿಂಗ್ ಕಂಪನಿಯ ಗ್ಯಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಲೇಬಲ್ ಮೇಲೆ 70 ಹಾಗೇ ಇರುತ್ತದೆ, ಆದರೆ ಕೊಳ್ಳುವವನು ನಾಣ್ಯವನ್ನೇ ನೋಡುತ್ತಾನೆ. ಡಬ್ಬಿಯಲ್ಲಿದ್ದ 2013ರ 70ಕ್ಕೆ ಅಂಥ ಎರಡು ಚುಕ್ಕೆ ಬಿದ್ದಿದ್ದವು. ಸ್ನೇಹಿತರು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಅದರ ಮುಂದೆಯೂ 34 ಬರೆದೆವು.

ಪ್ಲಾಸ್ಟಿಕ್ ಗೀರಾಗಿದ್ದರೆ ಅಷ್ಟು ಚಿಂತೆ ಬೇಡ. ನಾಣ್ಯ ಸರಿ ಇದ್ದರೆ ಸಾಕು. ಚುಕ್ಕೆ ಒರೆಸಲೆಂದು ಸ್ಲ್ಯಾಬ್ ಒಡೆಯುವ ಕೆಲಸ ಮಾತ್ರ ಮಾಡಲೇಬೇಡಿ.

ಮಾರುವ ಖರ್ಚು ಕಳೆಯಿರಿ

ಇಬೇಯಲ್ಲಿ ನೀವೇ ಮಾರಿದರೆ ಆಗ 13 ಚಿಲ್ಲರೆ ಶೇಕಡಾ ಶುಲ್ಕವಿತ್ತು. ಈಗ ಎಷ್ಟಿದೆ ಎಂದು ಮಾರುವ ಮುನ್ನ ನೋಡಿಕೊಳ್ಳಿ. ಆ ಶುಲ್ಕ ನಾಣ್ಯದ ಬೆಲೆಗಷ್ಟೇ ಅಲ್ಲ, ಕೊಳ್ಳುವವರು ಕಟ್ಟುವ ಮಾರಾಟ ತೆರಿಗೆಯೂ ಸೇರಿದ ಮೊತ್ತದ ಮೇಲೆ. ಜೊತೆಗೆ ಲಕೋಟೆ, ಪೋಸ್ಟೇಜ್ ಐದಾರು ಡಾಲರ್.

58ಕ್ಕೆ ಹೋದ 70 ತೆಗೆದುಕೊಳ್ಳಿ. ತೆರಿಗೆ ಸೇರಿ ಕೊಳ್ಳುವವರು 62 ಕಟ್ಟಿದರು. ಶುಲ್ಕ ಸುಮಾರು 8.60, ಪೋಸ್ಟೇಜ್ 5.50. ಕೈಗೆ ಬಂದದ್ದು 44. ಅಂಗಡಿಯ 34ಕ್ಕೆ ಹೋಲಿಸಿದರೆ ಹತ್ತು ಡಾಲರ್ ಜಾಸ್ತಿ. ಪರವಾಗಿಲ್ಲ, ಮಾರಬಹುದು.

ಈಗ 43ರ 69 ನೋಡಿ. ಶುಲ್ಕ 6.50, ಪೋಸ್ಟೇಜ್ 5.50. ಕೈಗೆ 31. ಅಂಗಡಿಗೆ ಹೋಗಿ ಬಿಡಿ ನಾಣ್ಯ ಎಂದು ಕೊಟ್ಟಿದ್ದರೆ 34 ಬರುತ್ತಿತ್ತು! ಫೋಟೋ ತೆಗೆದು, ವಿವರ ಬರೆದು, ಅಂಚೆಗೆ ಓಡಾಡಿ, ಕೊನೆಗೆ ಮೂರು ಡಾಲರ್ ಕಳೆದುಕೊಂಡಂತಾಯಿತು. ಸಾಮಾನ್ಯ ವರ್ಷದ 69ಗಳನ್ನು ಒಂದೊಂದಾಗಿ ಮಾರುವುದು ಹೀಗೆಯೇ. ಅವನ್ನು ಒಟ್ಟಿಗೆ ಅಂಗಡಿಗೆ ಕೊಡಿ, ಇಲ್ಲವೇ ಪರಿಚಯದವರಿಗೆ ಎದುರಾ ಎದುರು ಮಾರಿ.

ಒಟ್ಟು ಲೆಕ್ಕ ಇಷ್ಟು: ಐದು 69ಗಳಿಗೆ 170. ಮೂರು ಶುದ್ಧ 70ಗಳಿಗೆ 132. 1996ರದ್ದಕ್ಕೆ ಖರ್ಚು ಕಳೆದು 63. ಚುಕ್ಕೆ ಬಿದ್ದದ್ದು 34, ಹೆಸರಿಲ್ಲದ ಕಂಪನಿಯದು 34. ಕೂಡಿದರೆ 433 ಡಾಲರ್. ಬೆಳ್ಳಿಯೇ 363 ಇತ್ತು. ಹನ್ನೊಂದು ಸ್ಲ್ಯಾಬ್, ಹನ್ನೊಂದು ಲೇಬಲ್, 1996 ಎಂಬ ವರ್ಷ, ಎಲ್ಲ ಸೇರಿ ತಂದದ್ದು 70 ಡಾಲರ್. ಸ್ನೇಹಿತರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಲಾಭ ಬಂದರೆ ತೆರಿಗೆಯೂ ಇದೆ. ಅಮೆರಿಕದಲ್ಲಿ ಬೆಳ್ಳಿ ನಾಣ್ಯ ಸಂಗ್ರಹದ ವಸ್ತುಗಳ ಗುಂಪಿಗೆ ಸೇರುತ್ತದೆ. ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದರೆ ಲಾಭದ ಮೇಲೆ 28 ಶೇಕಡಾವರೆಗೆ ಬೀಳಬಹುದು. ಕೊಂಡ ರಸೀದಿ ಜೋಪಾನವಾಗಿಡಿ. ಜಾಸ್ತಿ ಕೊಟ್ಟು ಕೊಂಡಿದ್ದಕ್ಕೆ ಅದೇ ಪುರಾವೆ.

ಊರಿಗೆ ತಂದು ಮಾರೋಣ ಎಂದರೆ

ಇದನ್ನು ಬಹಳ ಜನ ಕೇಳುತ್ತಾರೆ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಬೆಳ್ಳಿ ಅಂಗಡಿಯಲ್ಲಿ ಸ್ಲ್ಯಾಬ್ ಇಟ್ಟರೆ ಮೊದಲು ಕೇಳುವುದು ತೂಕ. 31.1 ಗ್ರಾಂ, ತೊಲದ ಲೆಕ್ಕದಲ್ಲಿ ಎರಡೂ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಪೆಟ್ಟಿಗೆ ಒಡೆದು ಒರೆಗೆ ಹಚ್ಚಬೇಕು ಎನ್ನುತ್ತಾರೆ. 70ಕ್ಕೆ ಅಲ್ಲಿ ಬೆಲೆಯಿಲ್ಲ. ಮೇಲಾಗಿ, ವಿದೇಶದಲ್ಲಿದ್ದು ಬರುವವರಿಗೆ ಕಸ್ಟಮ್ಸ್‌ನಲ್ಲಿ ಸಿಗುವ ಸುಂಕ ರಿಯಾಯಿತಿ ಒಡವೆಗೆ, ನಾಣ್ಯಕ್ಕಲ್ಲ. ಸ್ಲ್ಯಾಬ್‌ಗೆ ಗಿರಾಕಿ ಇರುವುದು ಅಮೆರಿಕದಲ್ಲಿ. ಅಲ್ಲಿಯೇ ಮಾರಿ ದುಡ್ಡು ಕಳಿಸುವುದು ಮೇಲು.

ಬೆಳ್ಳಿ ಏರಿದ ಮೇಲೆ ಏನಾಯಿತು

ಸ್ನೇಹಿತರು ಆಗ ಏನೂ ಮಾರಲಿಲ್ಲ. 2025ರ ದೀಪಾವಳಿ ಹೊತ್ತಿಗೆ ಸ್ಪಾಟ್ 50 ಡಾಲರ್ ಆಸುಪಾಸಿಗೆ ಬಂತು. ಅದೇ ಮೇಜಿನ ಮೇಲೆ ಮತ್ತೆ ಲೆಕ್ಕ ಹಾಕಿದೆವು.

ಬೆಳ್ಳಿ ಏರಿದ ಹಾಗೆ ಲೇಬಲ್‌ನ ಬೆಲೆ ಏರುವುದಿಲ್ಲ ಎಂದು ಅಲ್ಲಿ ಕಣ್ಣಾರೆ ಕಂಡೆವು. ಸಾಮಾನ್ಯ 70ಗಳು 72ರ ಸುತ್ತ ಹೋಗುತ್ತಿದ್ದವು. ಖರ್ಚು ಕಳೆದರೆ 56. ಅಂಗಡಿಯವರು ಬಿಡಿ ನಾಣ್ಯಕ್ಕೆ 49 ಹೇಳಿದರು, ಸ್ಪಾಟ್‌ಗಿಂತ ಒಂದು ಡಾಲರ್ ಕಮ್ಮಿ. ಎಲ್ಲರೂ ಮಾರಲು ಬಂದು ನಿಂತಿದ್ದರು, ಅವರಿಗೂ ಅಷ್ಟು ಸರಕು ಹೊರಬೇಕಲ್ಲ. ಸ್ಪಾಟ್ ಮೇಲೆ ಹನ್ನೊಂದು ಡಾಲರ್ ತರುತ್ತಿದ್ದ 70 ಈಗ ಆರು ತರುತ್ತಿತ್ತು. ಸ್ನೇಹಿತರು ಐದು 69ಗಳನ್ನು ಸಾದಾ ಬೆಳ್ಳಿಯಂತೆಯೇ ಅಂಗಡಿಗೆ ಕೊಟ್ಟರು, ಹೆಸರಿಲ್ಲದ ಕಂಪನಿಯದ್ದನ್ನೂ ಅದರ ಜೊತೆಗೆ. ಆರಕ್ಕೆ 294 ಡಾಲರ್ ಕೈಗೆ ಬಂತು. ಮೂರು 70ಗಳನ್ನು ಇಬೇಯಲ್ಲಿ ಮಾರಿದರು. 1996ರದ್ದನ್ನೂ ಚುಕ್ಕೆ ಬಿದ್ದ 2013ರದ್ದನ್ನೂ ಮಗಳು ಇಟ್ಟುಕೊಳ್ಳುತ್ತೇನೆ ಎಂದಳು. ಈಗ ಅವಳ ಮೇಜಿನ ಮೇಲೆ ಒಂದು ಭೂತಗನ್ನಡಿಯೂ ಇದೆ.